ಅಪ್ಪ ಹೆಸರು ಕೇಳದ ಮನೆ

ನಾನು ಚಿಕ್ಕವನಿದ್ದಾಗ, ಅಂದರೆ ನಿಮ್ಮಿಬ್ಬರಲ್ಲಿ ಸಣ್ಣವನಷ್ಟಿದ್ದಾಗ, ನಾವು ಬೇಗಂಪೇಟೆ ಸ್ಟೇಷನ್ನಿನ ಹಿಂದೆ ತಗಡಿನ ಜೋಪಡಿಯಲ್ಲಿದ್ದೆವು. ಅಪ್ಪ ಗೌಂಡಿ, ಕಲಬುರ್ಗಿ ಕಡೆಯಿಂದ ಗೋಡೆ ಕಟ್ಟಲು ಬಂದವನು. ಅವನ ಅಂಗಿಗೆ ಯಾವಾಗಲೂ ಹಸಿ ಸುಣ್ಣದ ವಾಸನೆ. ಅವ್ವ ಇಟ್ಟಿಗೆ ಹೊರುತ್ತಿದ್ದಳು. ನನ್ನನ್ನು ನೋಡಿಕೊಳ್ಳುತ್ತಿದ್ದವಳು ಹತ್ತು ವರ್ಷದ ಅಕ್ಕ. ನಗಬೇಡಿ, ನಡೆಯಲು ಬಂದರೂ ನಾನು ಅವಳ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ.

ಅಪ್ಪ ಒಂದು ಬಂಗಲೆಯ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲಿಯ ಅಮ್ಮಾವರು ಅಕ್ಕನನ್ನು ನೋಡಿದರು. ನಮ್ಮ ಕೂಸನ್ನು ಆಡಿಸಿಕೊಂಡಿರಲಿ, ಮಗಳ ಹಾಗೆ ನೋಡಿಕೊಳ್ಳುತ್ತೇವೆ, ಶಾಲೆಗೂ ಹಾಕುತ್ತೇವೆ ಎಂದರು. ಶಾಲೆ ಎಂಬ ಮಾತಿಗೆ ಅಪ್ಪ ಕರಗಿಹೋದ.

ಹೊರಡುವ ದಿನ ಬೆಳಿಗ್ಗೆ ಅವ್ವ ಅಕ್ಕನ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಬಿಗಿದಳು. ಗಂಡನ ಮನೆಗೆ ಹೋಗುವ ಮಗಳಿಗೆ ಮಾಡುವಂತೆ ಉಡಿ ತುಂಬಿದಳು. ಲಂಗದ ಮಡಿಲಿಗೆ ಅಕ್ಕಿ, ಅರಿಶಿನ ಕೊಂಬು, ಒಂದು ಕೊಬ್ಬರಿ ಬಟ್ಟಲು. ಉಡಿಯಲ್ಲಿದ್ದದ್ದನ್ನು ಬೇರೆಯವರು ತಿನ್ನಬಾರದು ಎನ್ನುತ್ತಿದ್ದಳು ಅವ್ವ. ದಾರಿಯಲ್ಲಿ ನಾನು ರಚ್ಚೆ ಹಿಡಿದೆ. ಅಕ್ಕ ಕೊಬ್ಬರಿ ಮುರಿದು ಕೊಟ್ಟಳು. ಸುಳ್ಳು ಯಾಕೆ ಹೇಳಲಿ, ಬಂಗಲೆ ಬರುವಷ್ಟರಲ್ಲಿ ಪೂರ್ತಿ ನಾನೇ ತಿಂದಿದ್ದೆ.

ಗೇಟಿನ ಒಳಗೆ ಮಲ್ಲಿಗೆ ಬಳ್ಳಿ, ಆಗಷ್ಟೇ ತೊಳೆದ ಕಲ್ಲಿನ ನೆಲ. ಅಪ್ಪ ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು, ಟವೆಲನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತ. ಅಕ್ಕ ಅವನ ಅಂಗಿ ಹಿಡಿದು ಮೆಲ್ಲಗೆ ಕೇಳಿದಳು.

"ಅಪ್ಪಾ, ಇವರ ಹೆಸರೇನೈತಿ?"

"ದೊಡ್ಡವರ ಹೆಸರು ಕೇಳಬಾರದವ್ವ. ಸಾಹೇಬ್ರು ಅನ್ನು, ಅಮ್ಮಾವ್ರು ಅನ್ನು, ಸಾಕು."

"ಮತ್ತ ಯಾವಾಗ ಬರ್ತಿ?"

"ದೀಪಾವಳಿಗೆ ಬರ್ತೀನಿ. ಅಳಬ್ಯಾಡ."

ಹಬ್ಬದ ತನಕ ನೋಡಲು ಬಂದು ಹುಡುಗಿಯ ಮನಸ್ಸು ಕೆಡಿಸಬೇಡಿ ಎಂದು ಅಮ್ಮಾವರು ಹೇಳಿದ್ದರಿಂದ ನಾವು ಆ ರಸ್ತೆಯನ್ನೇ ತುಳಿಯಲಿಲ್ಲ. ದೀಪಾವಳಿಗೆ ಹೋದರೆ ಗೇಟಿಗೆ ಬೀಗ. ಸಾಮಾನೆಲ್ಲ ಲಾರಿಗೆ ಹೇರಿಕೊಂಡು ಹೋದರು, ಯಾವ ಊರಿಗೋ ಗೊತ್ತಿಲ್ಲ ಎಂದ ಪಕ್ಕದ ಮನೆಯ ಕಾವಲುಗಾರ. ಅಪ್ಪ ನನ್ನನ್ನು ಎತ್ತಿಕೊಂಡು ಪೊಲೀಸರ ಹತ್ತಿರ ಓಡಿದ. ಯಾರ ಮನೆ, ಹೆಸರೇನು ಎಂದು ಕೇಳಿದರು. "ಸಾಹೇಬರ ಮನಿರಿ" ಎಂದ ಅಪ್ಪ. ಅದಕ್ಕಿಂತ ಹೆಚ್ಚು ಅವನಿಗೆ ಗೊತ್ತಿರಲಿಲ್ಲ. ಒಬ್ಬ ಜಮಾದಾರ ನಕ್ಕು, "ಬೇಚ್ ಡಾಲಾ ಕ್ಯಾ ರೇ?" ಎಂದ. ಮಾರಿಬಿಟ್ಟೆಯಾ ಎಂದು ಅದರ ಅರ್ಥ. ಒಂದು ಬಿಡಿಗಾಸೂ ಮುಟ್ಟಿದವನಲ್ಲ ನನ್ನ ಅಪ್ಪ.

ಅಕ್ಕ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಪಲ್ಯಕ್ಕೆ ಕೊಬ್ಬರಿ ಹಾಕಿದರೆ ಅಜ್ಜ ಯಾಕೆ ತಟ್ಟೆ ಸರಿಸುತ್ತಾನೆ ಎಂದು ಕೇಳುತ್ತಿದ್ದಿರಲ್ಲ, ಇದಕ್ಕೇ. ಅಪ್ಪನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಅವನು ಸಾಯುವಾಗಲೂ ಮನಸ್ಸಿನಲ್ಲಿ ಬೈಯುತ್ತಲೇ ಇದ್ದೆ. ಒಂದು ಹೆಸರು ಕೇಳಲು ಇವನಿಗೆ ಏನಾಗಿತ್ತು?

ಈಗ ನೀವು ಮಿಯಾಪುರದ ಈ ಅಪಾರ್ಟ್‌ಮೆಂಟಿನಲ್ಲಿ ಬೆಳೆಯುತ್ತಿದ್ದೀರಿ. ಮಕ್ಕಳನ್ನು ಮಾರುವುದು, ಗುಲಾಮರಂತೆ ದುಡಿಸಿಕೊಳ್ಳುವುದು ನಿಲ್ಲಬೇಕೆಂದು ಪ್ರಪಂಚದ ಎಷ್ಟೋ ದೇಶಗಳು ಸೇರಿ ಸಹಿ ಹಾಕಿವೆ ಎಂದು ನಿಮ್ಮ ಶಾಲೆಯಲ್ಲಿ ಕಲಿಸಿದ್ದಾರೆ. ನೀವು ಅದರ ಚಿತ್ರ ಬರೆದು ಲಿಫ್ಟಿನಲ್ಲಿ ಅಂಟಿಸಿದಿರಿ. ಬಣ್ಣ ಚೆನ್ನಾಗಿ ತುಂಬಿದ್ದೀರಿ. ಅದೇ ಲಿಫ್ಟಿನಲ್ಲಿ ದಿನಾ ಎಂಟನೆಯ ಮಹಡಿಯಲ್ಲಿ ಕೆಲಸಕ್ಕಿರುವ ಹುಡುಗಿ ಆ ಮನೆಯವರ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಇಳಿಯುತ್ತಾಳೆ. ಅವಳಿಗೂ ಹತ್ತು ವರ್ಷವಿರಬಹುದು. ನಿನ್ನೆ ಅವಳು ಆಚೆ ಹೋದ ಮೇಲೆ ನೀವು ಕೇಳಿದಿರಿ, "ಅಜ್ಜಾ, ಆಕಿ ಹೆಸರೇನು?"

ಎರಡು ವರ್ಷದಿಂದ ಅವಳನ್ನು ನೋಡುತ್ತಿದ್ದೇನೆ. ಆ ಮನೆಯವರು ಮರ್ಯಾದಸ್ಥರು, ಹಬ್ಬಕ್ಕೆ ಸಿಹಿ ಕಳಿಸುತ್ತಾರೆ. ವಿಚಾರಿಸಿದರೆ ಏನೆಂದುಕೊಳ್ಳುತ್ತಾರೋ ಎಂದು ಸುಮ್ಮನಿದ್ದುಬಿಟ್ಟೆ. ಅವಳ ಹೆಸರು ನನಗೂ ಗೊತ್ತಿಲ್ಲ.