ಹಾಲಿಲ್ಲದ ಕ್ಯಾನು

ರಾಬರ್ಟ್‌ಸನ್‌ಪೇಟೆಯ ಒಂದು ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಹೇಳುತ್ತೇನೆ. ವರ್ಷಕ್ಕೊಮ್ಮೆ ಕಾರ್ಯಾತ್ಮಕ ಸಿದ್ಧಾಂತದ ಪಾಠ ಬರುತ್ತದೆ. ಮಕ್ಕಳ ಬಾಯಲ್ಲಿ ಅದು ಬರೀ ಫಂಕ್ಷನಲಿಸಂ. ಸಮಾಜ ಒಂದು ದೇಹವಿದ್ದ ಹಾಗೆ, ಅದರಲ್ಲಿ ಉಳಿದುಕೊಂಡು ಬಂದಿರುವ ಪ್ರತಿಯೊಂದು ಪದ್ಧತಿಯೂ ಏನೋ ಒಂದು ಕೆಲಸ ಮಾಡುತ್ತಿರುತ್ತದೆ, ಕೆಲವು ಸಲ ಎದ್ದು ಕಾಣುವಂತೆ, ಕೆಲವು ಸಲ ಗುಟ್ಟಾಗಿ. ಇಷ್ಟು ಬರೆದರೆ ಪರೀಕ್ಷೆಗೆ ಸಾಕು. ನನಗೆ ಈ ಪಾಠ ಅಚ್ಚುಮೆಚ್ಚು. ಎಲ್ಲದರಲ್ಲೂ ಮೂಗು ತೂರಿಸಿ ಕಾರಣ ಹುಡುಕುವ ಚಾಳಿ ನನ್ನದು. ಅದಕ್ಕೆ ಒಂದು ಶಾಸ್ತ್ರವೇ ಬೆಂಬಲಕ್ಕೆ ನಿಂತರೆ ಇನ್ನೇನು ಬೇಕು.

ನಮ್ಮ ಮನೆ ಇರುವುದು ಬಂಗಾರಪೇಟೆಯ ಹತ್ತಿರದ ಹಳ್ಳಿಯಲ್ಲಿ. ನಾನು, ನನ್ನ ಗಂಡ, ಅತ್ತೆ. ಹೋದ ವರ್ಷದವರೆಗೆ ಒಂದು ಹಸುವೂ ಇತ್ತು. ಅತ್ತೆಯ ಮಂಡಿ ಊದಿಕೊಂಡು, ಕೂತು ಹಾಲು ಕರೆಯುವುದು ಆಗದೆಹೋದಾಗ ಮಾರಿದೆವು. ಹಸುವನ್ನು ಟೆಂಪೋ ಹತ್ತಿಸಿದಾಗ ಅತ್ತೆ ಅಳಲಿಲ್ಲ. ಒಂದೇ ಒಂದು ಮಾತು ಅಂದರು: "ಇನ್ನ ಡೈರಿ ತಾವ ನಂಗೇನು ಕೆಲ್ಸ."

ಡೈರಿಯ ಮುಂದೆ ನಮ್ಮೂರ ಹೆಂಗಸರದು ಒಂದು ಪದ್ಧತಿಯಿದೆ. ಬೆಳಗಾಗುತ್ತಲೇ ಬಂದು ಕ್ಯಾನುಗಳನ್ನು ಸಾಲಾಗಿ ಇಡುತ್ತಾರೆ, ಯಾರ ಜಾಗ ಎಲ್ಲಿ ಎಂಬುದು ವರ್ಷಗಳಿಂದ ಗೊತ್ತಿರುವಂಥದ್ದು. ಅತ್ತೆಯದು ಮೂರನೆಯದು. ಹಸು ಹೋದ ಮಾರನೇ ದಿನ ಬೆಳಿಗ್ಗೆ ನೋಡುತ್ತೇನೆ, ಅತ್ತೆ ಖಾಲಿ ಕ್ಯಾನು ತೊಳೆದು ಕೈಯಲ್ಲಿ ಹಿಡಿದು, ಕುಂಟುತ್ತಾ ಹೊರಟಿದ್ದಾರೆ. ಮೂರನೆಯ ಜಾಗದಲ್ಲಿ ಕ್ಯಾನು ಇಟ್ಟು, ಸಾಲು ಸರಿದಂತೆ ತಾವೂ ಸರಿದು, ಸರದಿ ಬಂದಾಗ ಪಕ್ಕಕ್ಕೆ ನಿಂತು ವಾಪಸ್ಸು ಬಂದರಂತೆ. ಆಮೇಲೆ ದಿನಾ ಇದೇ ಆಯಿತು. ನನಗೆ ನಾಚಿಕೆ. ಊರವರು ಆಡಿಕೊಳ್ಳುವುದಿಲ್ಲವೇ? ಅತ್ತೆಗೂ ಆ ಅಳುಕು ಇತ್ತು, ಹೊರಡುವಾಗ ಕ್ಯಾನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದರು.

ಹೀಗಿರುವಾಗ ತರಗತಿಯಲ್ಲಿ ಒಬ್ಬಳು ಹುಡುಗಿ ಎದ್ದು ನಿಂತಳು. ಚಾಂಪಿಯನ್ ರೀಫ್ಸ್ ಕಡೆಯವಳು, ತಾತ ಅಲ್ಲಿನ ಚಿನ್ನದ ಗಣಿಯಲ್ಲಿ ದುಡಿದವರು. "ಮೈನ್ಸ್ ಮುಚ್ಚೋಯ್ತಲ್ಲ ಮೇಡಂ, ಈಗ ನಮ್ ತಾತ ಸಮಾಜಕ್ಕೆ ಏನ್ ಕೆಲ್ಸ ಮಾಡ್ತಾರೆ?" ಯಾರೂ ನಗಲಿಲ್ಲ. ಅಲ್ಲಿ ಕೂತವರಲ್ಲಿ ಅರ್ಧ ಮಂದಿಯ ಮನೆಯಲ್ಲಿ ಅಂಥ ತಾತ ಇದ್ದಾರೆ. ಗುಟ್ಟಾದ ಕೆಲಸ ಏನಾದರೂ ಇದ್ದೇ ಇರುತ್ತದೆ, ಹುಡುಕಬೇಕು ಎಂದೆ. ಹೇಳಿದ ಮೇಲೆ ನನಗೇ ಸಮಾಧಾನವಾಗಲಿಲ್ಲ.

ಹುಡುಕಿಯೇ ಬಿಡೋಣವೆಂದು ಕಾಲೇಜಿಗೆ ರಜೆ ಬಂದಾಗ ಒಂದು ವಾರ ಅತ್ತೆಯ ಹಿಂದೆ ಡೈರಿಗೆ ಹೋದೆ. ಊರ ಸುದ್ದಿ ಹಂಚುತ್ತಾರೇನೋ ಅಂದುಕೊಂಡರೆ ಅತ್ತೆ ಬಾಯೇ ಬಿಡುವುದಿಲ್ಲ. ಜಗಳ ಬಿಡಿಸುತ್ತಾರೇನೋ ಅಂದರೆ ಅಲ್ಲಿ ಜಗಳವೇ ಇಲ್ಲ. ಸುಮ್ಮನೆ ನಿಲ್ಲುತ್ತಾರೆ, ಬರುತ್ತಾರೆ. ಯಾವ ಕೆಲಸವೂ ಇಲ್ಲದ ಪದ್ಧತಿ, ಮೇಲೆ ಮಂಡಿ ನೋವು ಬೇರೆ. ಏಳನೆಯ ದಿನ ಸಂಜೆ ಕ್ಯಾನನ್ನು ಅಟ್ಟದ ಮೇಲಿಟ್ಟೆ.

ಬೆಳಿಗ್ಗೆ ಅತ್ತೆ ಅಡುಗೆಮನೆಯೆಲ್ಲ ತಡಕಾಡಿದರು. "ಹಾಲಿಲ್ಲದೋರಿಗೆ ಆ ಸಾಲಲ್ಲಿ ಏನತ್ತೆ ಕೆಲಸ? ಮಲಗಿ ಸುಮ್ಮನೆ" ಎಂದೆ. ಅತ್ತೆ ಜಗಲಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತರು. ಆಡಬಾರದ ಮಾತು ಆಡಿದೆನೆಂದು ಆಗಲೇ ಹೊಳೆಯಿತು, ಆದರೆ ನನ್ನ ಹಟ ನನಗೆ.

ಸ್ವಲ್ಪ ಹೊತ್ತಿಗೆ ಸಾಲಿನಲ್ಲಿ ಅತ್ತೆಯ ಹಿಂದೆ ನಿಲ್ಲುವ ಹೆಂಗಸು ಏದುಸಿರು ಬಿಡುತ್ತಾ ಬಂದಳು. "ಯಾಕಕ್ಕ, ಮೈ ಸರಿಗಿಲ್ವಾ? ಹಾಲ್ ಅಳ್ಯಕ್ಕೆ ಡೈರಿ ಸೆಕ್ರೆಟ್ರಿ ಬಂದವ್ನೆ. ನಿನ್ ಜಾಗ್ದಾಗೆ ಕಲ್ಲಿಟ್ಟು ಬಂದಿವ್ನಿ, ಯಾರೂ ಮುಂದಕ್ ಸರ್ಕೊಂಡಿಲ್ಲ."

ನಾನು ಸುಮ್ಮನಿರಬೇಕಲ್ಲ. "ನಮ್ಮತ್ತೆ ಅಲ್ಲಿ ಬಂದು ಮಾಡೋದಾದ್ರೂ ಏನು, ಹೇಳಿ" ಎಂದು ಕೇಳಿಯೇ ಕೇಳಿದೆ.

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಏನೂ ಮಾಡಲ್ಲ. ಏನ್ ಮಾಡ್ಬೇಕಿತ್ತಮ್ಮ?"

ಇಷ್ಟು ವರ್ಷ ಪಾಠ ಹೇಳಿದವಳು ಏಣಿ ಹಾಕಿ ಅಟ್ಟ ಹತ್ತಿದೆ. ಇಳಿದು ಬಂದಾಗ ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದರು, ಮುಖ ಅರಳಿತ್ತು. ಕ್ಯಾನು ಇಸಿದುಕೊಂಡು, ಈ ಸಲ ಸೆರಗು ಮುಚ್ಚದೆ, ನನ್ನ ಕಡೆ ತಿರುಗಿದರು. ಕೋಪವೇನಿರಲಿಲ್ಲ, ನಗುತ್ತಲೇ ಅಂದರು:

"ಅಸ ಮಾರಿದಾಗ್ಲಿಂದ, ನೀನ್ಯಾಕ್ ಬಂದೆ ಅಂತ ಯಾರಾನ ಕೇಳ್ತಾರೇನೋ ಅಂತ ದಿನಾ ಎದರ್ಕೊಂಡೇ ಓಗ್ತಿದ್ದೆ ಕಣಮ್ಮ. ಊರಾಗೆ ಯಾರೂ ಕೇಳ್ಲಿಲ್ಲ. ಕೇಳ್ದೋಳು ನೀನೊಬ್ಳೇ."