ಲೆಕ್ಕದ ಮೇಡಂ ಕೊಟ್ಟ ತಪ್ಪು ಉತ್ತರ

ಲೆಕ್ಕದ ಮೇಡಂ ಎಂದರೆ ಮಕ್ಕಳು ಗಡಗಡ ನಡುಗುತ್ತಿದ್ದ ಕಾಲವೊಂದಿತ್ತು. ಇಪ್ಪತ್ತೆರಡು ವರ್ಷ ತರಗತಿಯಲ್ಲಿ ಒಂದೇ ಒಂದು ತಪ್ಪು ಉತ್ತರವನ್ನೂ ಸುಮ್ಮನೆ ಬಿಟ್ಟವರಲ್ಲ ಅವರು. ಐವತ್ತು ದಾಟಿದ ಮೇಲೆ ಆ ಕೆಲಸ ಬಿಟ್ಟು, ಆಟದ ಮೂಲಕ ಮಕ್ಕಳ ಮನಸ್ಸಿನ ನೋವು ಇಳಿಸುವ ವಿದ್ಯೆ ಕಲಿಯಲು ಹೊರಟಾಗ ಗಂಡ ನಕ್ಕೇಬಿಟ್ಟರು. "ಬಾಯಿ ಮುಚ್ಕೊಂಡು ಕೂತಿರೋ ಕೆಲ್ಸ ನಿನ್ನ ಕೈಲಿ ಆಗುತ್ತಾ? ನೋಡೇಬಿಡೋಣ."

ನಿಜಕ್ಕೂ ಬಾಯಿ ಮುಚ್ಚುವುದೇ ಆ ಕೆಲಸದ ಅರ್ಧ. ಆಟದ ಕೋಣೆಯಲ್ಲಿ ಮಗು ಹೇಳಿದ್ದೇ ಆಟ. ಕೆದಕಿ ಕೇಳುವಂತಿಲ್ಲ, ತಿದ್ದುವಂತಿಲ್ಲ. ಮಗು ಆನೆಗೆ ರೆಕ್ಕೆ ಅಂಟಿಸಿದರೆ ಅದು ಹಾರುವ ಆನೆ, ಮುಗಿಯಿತು. ಮೇಡಂ ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡು ಕೂತರು.

ಅಲ್ಲಿಗೆ ಒಬ್ಬ ಅಜ್ಜಿ ತಮ್ಮ ಎಂಟು ವರ್ಷದ ಮೊಮ್ಮಗಳನ್ನು ಕರೆತಂದರು. ಮಗ್ಗಿ ತಪ್ಪಿದ್ದಕ್ಕೆ ಇಡೀ ತರಗತಿಯ ಎದುರು ನಿಂತು ಬೈಸಿಕೊಂಡ ದಿನದಿಂದ ಹುಡುಗಿ ಮನೆಯ ಹೊರಗೆ ತುಟಿ ಪಿಟಕ್ಕೆಂದಿರಲಿಲ್ಲ. ನಾಲ್ಕು ತಿಂಗಳಾಗಿತ್ತು. ಹೀಗೇ ಆದರೆ ಬರುವ ವರ್ಷ ಸೇರಿಸಿಕೊಳ್ಳುವುದಿಲ್ಲ ಎಂದು ಶಾಲೆಯವರು ಹೇಳಿಬಿಟ್ಟಿದ್ದರು. ಕೇಳುತ್ತಾ ಮೇಡಂಗೆ ತಮ್ಮ ತರಗತಿ ನೆನಪಾಯಿತು. ಹಾಗೆ ತಾವು ನಿಲ್ಲಿಸಿದ ಮಕ್ಕಳು ಒಬ್ಬಿಬ್ಬರಲ್ಲ.

ಐದು ವಾರ ಹುಡುಗಿ ಗೊಂಬೆಗಳನ್ನು ಸಾಲಾಗಿ ಕೂರಿಸಿದಳು, ಎತ್ತಿಟ್ಟಳು, ಹೋದಳು. ಆರನೇ ವಾರ ಮೇಡಂ ಅವರನ್ನೂ ಗೊಂಬೆಗಳ ಪಕ್ಕ ಕೂರಿಸಿ, ಮರದ ಸ್ಕೇಲು ಹಿಡಿದು ಎದುರು ನಿಂತು, ಆ ಕೋಣೆಯಲ್ಲಿ ಮೊದಲ ಬಾರಿಗೆ ಬಾಯಿ ತೆರೆದಳು. "ಏಳೆಂಟ್ಲ ಎಷ್ಟು?"

"ಐವತ್ತಾರು" ಎಂಬುದು ಮೇಡಂ ಬಾಯಿಂದ ತಾನಾಗಿ ಉದುರಿತು. ಹುಡುಗಿಯ ಮುಖ ಸಣ್ಣದಾಯಿತು. ಸ್ಕೇಲು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಕೂತಳು. ಅವಳಿಗೆ ಬೇಕಿದ್ದದ್ದು ತನ್ನ ಹಾಗೆ ತಪ್ಪುವ ಒಬ್ಬರು; ಸಿಕ್ಕಿದ್ದು ತರಗತಿಯ ಜಾಣೆ. ಅಂದು ಮನೆಗೆ ಹೋಗಿ ಮೇಡಂ ತಮ್ಮನ್ನೇ ಚೆನ್ನಾಗಿ ಬೈದುಕೊಂಡರು.

ಮುಂದಿನ ವಾರ ಹುಡುಗಿ ಸ್ಕೇಲು ಮುಟ್ಟಲಿಲ್ಲ. ಅದರ ಮುಂದಿನ ವಾರ ಮುಟ್ಟಿದಳು. ಅದೇ ಪ್ರಶ್ನೆ, ಮೊದಲಿಗಿಂತ ಮೆಲ್ಲಗೆ. ಮೇಡಂ ತಲೆ ಕೆರೆದುಕೊಂಡು, ಜೀವಮಾನದಲ್ಲೇ ಮೊದಲ ಸಲ, "ಐವತ್ತು" ಎಂದರು.

ಸ್ಕೇಲು ಮೇಲೆದ್ದಿತು. ಮೇಡಂ ತಲೆ ತಗ್ಗಿಸಿದರು. ಹುಡುಗಿ ಹತ್ತಿರ ಬಂದು, ಇನ್ನೊಂದು ಕೈಯಿಂದ ಅವರ ಭುಜ ತಟ್ಟಿದಳು. "ತಪ್ಪು. ಆದ್ರೆ ಅಳ್ಬೇಡ. ಕೂತ್ಕೊಂಡೇ ಯೋಚ್ನೆ ಮಾಡು, ನಾನು ಕಾಯ್ತೀನಿ."

ಸಮಯ ಮುಗಿದು ಬಾಗಿಲು ತೆರೆದಾಗ, ಹೊರಗಿನ ಬೆಂಚಿನಿಂದ ಅಜ್ಜಿ ಧಡಕ್ಕನೆ ಎದ್ದರು. "ಒಳಗೆ ಮಾತು ಕೇಳಿದ ಹಾಗಾಯ್ತು. ಪಾಠ ಮಾಡ್ತಿದ್ರಾ ಮೇಡಂ?"

"ನಾನಲ್ಲಮ್ಮ, ನಿಮ್ಮ ಮೊಮ್ಮಗಳು," ಎಂದರು ಮೇಡಂ. "ಇಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿದೋಳಲ್ಲ."