ನನ್ನ ನಿಧಾನದ ವಾದಕಿ

ಪಿಯಾನೋವನ್ನು ನಾನು ಇಂದಿಗೂ ಕಣ್ಣಾರೆ ಕಂಡಿಲ್ಲ. ನಮ್ಮ ಕೂಡ್ಲಿಗಿಯಲ್ಲಿ ಕಾಣಸಿಗುವುದು ಹಾರ್ಮೋನಿಯಂ. ಅದನ್ನೂ ನುಡಿಸಲು ನನಗೆ ಬಾರದು. ಇಷ್ಟೇ ಅರ್ಹತೆಯ ಬಲದಿಂದ ನಾನು ಪಾಶ್ಚಾತ್ಯ ಪಿಯಾನೋ ವಾದಕರ ಬಗ್ಗೆ ತೀರ್ಪು ಕೊಡುತ್ತ ಬಂದಿದ್ದೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟು ಎರವಲು ಪುಸ್ತಕಗಳಿಂದ ಕಲಿತವನು. ಅಚ್ಚಾದದ್ದನ್ನು ಪರೀಕ್ಷಿಸದೆ ನಂಬುವವನಲ್ಲ.

ನನ್ನ ಮೆಚ್ಚಿನ ವಾದಕಿ ಯುರೋಪಿನ ಒಬ್ಬ ವೃದ್ಧೆ. ಆಕೆಯದು ಮಿಂಚಿನ ವೇಗವೆಂದು ಬರೆದವರೆಲ್ಲ ಬರೆದಿದ್ದಾರೆ. ಎರಡು ವರ್ಷ ದಿನವೂ ಮೊಬೈಲಿನಲ್ಲಿ ಕೇಳಿದ ನನಗೆ ವೇಗ ಕಾಣಲಿಲ್ಲ. ಒಂದೊಂದು ಸ್ವರವನ್ನೂ ಯೋಚಿಸಿ ಇಡುವ ಸಂಯಮ ಕಂಡಿತು. ಒಬ್ಬ ವಿಮರ್ಶಕ ಬರೆದದ್ದನ್ನು ಉಳಿದವರು ಕೇಳದೆಯೇ ನಕಲು ಮಾಡಿದ್ದಾರೆಂದು ತೀರ್ಮಾನಿಸಿ, ಈ ಲೋಕಭ್ರಮೆಯನ್ನು ಖಂಡಿಸಿ ಹದಿನೆಂಟು ಪುಟ ಬರೆದೆ. ಕೊಟ್ಟೂರಿನ ನಿವೃತ್ತ ಶಿಕ್ಷಕರ ಕೂಟವೊಂದು ಅದನ್ನು ಓದಲು ಆಹ್ವಾನಿಸಿತು. ಪದವೀಧರರು ನನ್ನನ್ನು ವೇದಿಕೆಗೆ ಕರೆದದ್ದು ಅದೇ ಮೊದಲು.

ಹೊರಡುವ ದಿನ ಬೆಳಿಗ್ಗೆ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೆ ಆ ವಾದನವನ್ನು ಕೇಳಿಸಿದೆ.

“ನೀನ ಹೇಳು, ಇದು ಮಿಂಚೇನು?”

ಆಕೆ ಹಿಟ್ಟಿನ ಕೈ ಒರೆಸಿಕೊಂಡು ಮೊಬೈಲು ನೋಡಿದಳು.

“ಅಯ್ಯ, ಇನ್ನೂ ಮುಕ್ಕಾಲು ಸ್ಪೀಡಿನಾಗ ಐತಲ್ಲರಿ! ಭಜನಿ ಪದ ಬರಕೊಳ್ಳಾಕ ನಾನ ನಿಧಾನ ಮಾಡಿದ್ದೆ. ತಿರುಗಿ ಸರಿ ಮಾಡೋದು ಮರ್ತೀನಿ.”

“ಯಾವಾಗ?”

“ಮೊಬೈಲ್ ತಂದ ಹೊಸದರಾಗ.”

“ಎರಡು ವರ್ಷ ಆತಲ್ಲೇ!”

“ನಿಮಗ ಕಿವಿ ಅದಾವ ಅನ್ಕೊಂಡಿದ್ದೆ.”

ಬೆರಳೊತ್ತಿ ಸರಿಮಾಡಿದಳು. ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಸ್ವರಗಳು ಸುರಿದವು. ಬರೆದವರೆಲ್ಲ ಸರಿಯಾಗಿಯೇ ಬರೆದಿದ್ದರು. ವಿಮರ್ಶಕರನ್ನೂ ಪುಸ್ತಕಗಳನ್ನೂ ಸಂಶಯಿಸಿದ ನಾನು ಕೈಯಲ್ಲಿದ್ದ ಮೊಬೈಲನ್ನು ಸಂಶಯಿಸಿರಲಿಲ್ಲ. ಶ್ರುತಿ ಕೆಡದೆ ಲಯವೊಂದೇ ಇಳಿಯಬಲ್ಲದೆಂದು ನನ್ನ ಎರವಲು ಪುಸ್ತಕಗಳಲ್ಲಿ ಇರಲಿಲ್ಲ.

“ಜ್ವರ ಬಂದೈತಿ ಅಂತ ಫೋನ್ ಮಾಡಿಬಿಡ್ರಿ,” ಎಂದಳು.

ಫೋನ್ ಮಾಡದೆ ಹೊರಟೆ. ಬಸ್ಸಿನಲ್ಲಿ ಇನ್ನೊಂದು ಯೋಚನೆ ಬಂತು. ಕೊಟ್ಟೂರಿನಲ್ಲಿ ಆ ವಾದಕಿಯನ್ನು ಕೇಳಿದವರು ಯಾರಿದ್ದಾರು? ಬರೆದದ್ದನ್ನು ಓದಿ, ಚಪ್ಪಾಳೆ ಪಡೆದು ಬರಬಹುದಿತ್ತು. ಆದರೆ ಆಗ ಪರೀಕ್ಷಿಸದೆ ನಂಬಿಸುವವರ ಸಾಲಿಗೆ ನಾನೂ ಸೇರುತ್ತಿದ್ದೆ. ವೇದಿಕೆಯೇರಿ, ಕಾಗದಗಳನ್ನು ಚೀಲದಲ್ಲೇ ಬಿಟ್ಟು, ನಡೆದದ್ದನ್ನು ಹೇಳಿದೆ. ಎರಡೂ ವೇಗಗಳನ್ನು ಕೇಳಿಸಿದೆ. ಸಭೆ ಮನಸಾರೆ ನಕ್ಕಿತು.

ಮುಂದಿನ ಸಾಲಿನಿಂದ ಗಣಿತದ ಮೇಷ್ಟ್ರೊಬ್ಬರು ಎದ್ದರು.

“ಅಲ್ರೀ ಯಜಮಾನ್ರ, ಎರಡರಾಗ ನಿಮಗ ಯಾವ್ದು ಚಲೋ ಅನ್ನಿಸ್ತು? ಖರೇ ಹೇಳ್ರಿ.”

ಇಷ್ಟು ಮಾನ ಹೋದ ಮೇಲೂ ನನ್ನ ಹಟ ಹೋಗಿರಲಿಲ್ಲ.

“ನಿಧಾನದ್ದರಿ,” ಎಂದೆ.

ಮತ್ತೆ ನಗೆಯೆದ್ದಿತು. ಮೇಷ್ಟ್ರು ನಗಲಿಲ್ಲ.

“ಹಂಗಾರ ಇನ್ನೊಮ್ಮಿ ಅದನ್ನ ಹಚ್ರಿ,” ಎಂದು ಕೂತರು.

ಹಚ್ಚಿದೆ.